ಇನ್ನೂರೈವತ್ತು ಪೌಂಡಿನ ಕಾರು

ಕತೆ, ಕವನಗಳ ಬಗ್ಗೆ ನಮ್ಮಲ್ಲಿ ಸಾಕಷ್ಟು ವಿಮರ್ಶೆ ಬರುತ್ತದೆ. ಆದರೆ ಹೊಲಿಗೆ ಕಲಿಸುವ ಪುಸ್ತಕ, ಉಪ್ಪಿನಕಾಯಿ ಹಾಕುವ ಪುಸ್ತಕ, ರೇಡಿಯೋ ರಿಪೇರಿಯ ಪುಸ್ತಕ ಇವುಗಳನ್ನು ಯಾರೂ ವಿಮರ್ಶೆ ಮಾಡಿದ್ದನ್ನು ನಾನು ಕಂಡಿಲ್ಲ. ಅವು ಹೇಳಿದ ಹಾಗೆ ಮಾಡಿದಾಗ ಉಪ್ಪಿನಕಾಯಿ ಕೆಡದಿದ್ದರೆ ಪುಸ್ತಕ ಒಳ್ಳೆಯದು, ಬೂಸು ಹಿಡಿದರೆ ಕೆಟ್ಟದ್ದು, ಅಷ್ಟೇ. ನಾನು ಈಗ ಬರೆಯಹೊರಟಿರುವುದು ಅಂಥದೇ ಒಂದು ಪುಸ್ತಕದ ಬಗ್ಗೆ. ಅದನ್ನು ನಂಬಿ ನಮ್ಮ ಮನೆಯ ಹಿತ್ತಲಲ್ಲಿ ಎಂಟು ವರ್ಷ ಒಂದು ಕಾರು ಕಟ್ಟಿದ್ದೂ ಆಯಿತು, ಅದು ಬೂಸು ಹಿಡಿದದ್ದೂ ಆಯಿತು. ಕಬ್ಬಿಣಕ್ಕೆ ಬೂಸಲ್ಲ, ತುಕ್ಕು ಅನ್ನಬೇಕು.

ಪುಸ್ತಕದ ಹೆಸರು 'ಬಿಲ್ಡ್ ಯುವರ್ ಓನ್ ಸ್ಪೋರ್ಟ್ಸ್ ಕಾರ್ ಫಾರ್ ಆ್ಯಸ್ ಲಿಟ್ಲ್ ಆ್ಯಸ್ 250 ಪೌಂಡ್ಸ್'. ಬರೆದವರು ರಾನ್ ಚಾಂಪಿಯನ್. ಇಂಗ್ಲೆಂಡಿನ ಹೇನ್ಸ್ ಪ್ರಕಾಶನ 1996ರಲ್ಲಿ ಹೊರತಂದದ್ದು. ಇನ್ನೂರೈವತ್ತೇ ಪೌಂಡಿನಲ್ಲಿ ನಿಮ್ಮದೇ ಒಂದು ಸ್ಪೋರ್ಟ್ಸ್ ಕಾರನ್ನು ನೀವೇ ಕಟ್ಟಿಕೊಳ್ಳಿ ಎಂಬ ಆಸೆಯನ್ನು ರಟ್ಟಿನ ಮೇಲೆಯೇ ಅಚ್ಚು ಹಾಕಿದ್ದಾರೆ. 2002ರಲ್ಲಿ ನನ್ನ ಮೈದುನ ಇಂಗ್ಲೆಂಡಿನಿಂದ ಬಂದಾಗ ನನಗೊಂದು ಸ್ವೆಟರು, ಅತ್ತೆಗೊಂದು ಶಾಲು, ಅಣ್ಣನಿಗೆ ಈ ಪುಸ್ತಕ ತಂದಿದ್ದ. ಸ್ವೆಟರು ಶಿವಮೊಗ್ಗದ ಹವೆಗೆ ಒಂದು ದಿನವೂ ಬೇಕಾಗಲಿಲ್ಲ. ಶಾಲನ್ನು ಅತ್ತೆ ಯಾರದೋ ಮದುವೆಯಲ್ಲಿ ದಾಟಿಸಿದರು. ಪುಸ್ತಕ ಮಾತ್ರ ಆ ರಾತ್ರಿಯಿಂದಲೇ ನಮ್ಮವರ ದಿಂಬಿನ ಪಕ್ಕಕ್ಕೆ ಬಂತು.

ನಮ್ಮವರು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು. ಕಾರಿನ ಬಗ್ಗೆ ಅವರಿಗಿದ್ದ ವಿದ್ಯೆ ಎಂದರೆ ಸ್ಕೂಟರಿನ ಪ್ಲಗ್ಗು ಬಿಚ್ಚಿ ಮರಳುಕಾಗದದಲ್ಲಿ ತಿಕ್ಕುವುದು. ಅಂಥವರು ಒಂದು ವಾರ ಕಳೆದ ಮೇಲೆ ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಪೌಂಡಿಗೆ ಎಪ್ಪತ್ತು ಅಂತ ಹಿಡಿದರೂ ಹದಿನೇಳೂವರೆ ಸಾವಿರ ಕಣೇ. ಸ್ಕೂಟರಿಗಿಂತ ಅಗ್ಗ" ಎಂದರು. ಮದುವೆಯಾಗಿ ಹತ್ತು ವರ್ಷವಾಗಿದ್ದ ನನಗೆ ಗಂಡಸರ ಇಂಥ ಲೆಕ್ಕಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆ ಎನ್ನುವ ಅಂದಾಜು ಇತ್ತು. ಆದರೂ ಸುಮ್ಮನಿದ್ದೆ. ಇಸ್ಪೀಟು ಆಡುವ ಗಂಡನಿಗಿಂತ ಕಾರು ಕಟ್ಟುವ ಗಂಡ ವಾಸಿ ಎಂದು ಎದುರುಮನೆಯವರು ಹೇಳಿದ್ದೂ ಒಂದು ಕಾರಣ.

ಅವರು ತೀರಿಕೊಂಡದ್ದು 2017ರ ಆಷಾಢದಲ್ಲಿ. ಆ ಮೇಲೆ ಎಷ್ಟೋ ವರ್ಷ ನಾನು ಪುಸ್ತಕವನ್ನು ಮುಟ್ಟಲಿಲ್ಲ. ಹೋದ ಬೇಸಿಗೆ ರಜೆಯಲ್ಲಿ ಅಟ್ಟ ಗುಡಿಸುವಾಗ ಸಿಕ್ಕಿತು. ಮೊದಲ ಪುಟದಿಂದ ಕೊನೆಯವರೆಗೆ, ಪರೀಕ್ಷೆಯ ಉತ್ತರಪತ್ರಿಕೆ ಓದುವ ಹಾಗೆ, ಓದಿದೆ.

ಮೊದಲು ಅದರ ಒಳ್ಳೆಯ ಗುಣ ಹೇಳಿಬಿಡುತ್ತೇನೆ. ಇದು ಒಬ್ಬ ಮೇಷ್ಟರು ಬರೆದ ಪುಸ್ತಕ. ಚಾಂಪಿಯನ್ ಅವರು ಇಂಗ್ಲೆಂಡಿನ ಔಂಡಲ್ ಎಂಬ ಊರಿನ ಶಾಲೆಯಲ್ಲಿ ಕಲಿಸುತ್ತಿದ್ದವರು. ಆ ಶಾಲೆಯದೂ ಒಂದು ಕತೆಯಿದೆ. 1892ರಿಂದ 1922ರವರೆಗೆ ಸ್ಯಾಂಡರ್ಸನ್ ಎಂಬುವರು ಅಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಲ್ಯಾಟಿನ್, ಗ್ರೀಕು ಬಾಯಿಪಾಠ ಮಾಡಿಸುವುದೇ ವಿದ್ಯೆ ಎಂದಿದ್ದ ಕಾಲದಲ್ಲಿ ಅವರು ಶಾಲೆಯೊಳಗೆ ಕುಲುಮೆ, ಲೇತು, ಮರಗೆಲಸದ ಮೇಜು ತಂದಿಟ್ಟು ಹುಡುಗರ ಕೈಯನ್ನು ಮಸಿ ಮಾಡಿಸಿದರು. ಎಚ್. ಜಿ. ವೆಲ್ಸ್ ಅವರಂಥ ಲೇಖಕರು 1924ರಲ್ಲಿ ಅವರ ಜೀವನಚರಿತ್ರೆಯನ್ನೇ ಬರೆದರು. ಆ ಗಾಳಿ ಈ ಪುಸ್ತಕದಲ್ಲಿ ಇನ್ನೂ ಬೀಸುತ್ತದೆ. ಓದುವವನಿಗೆ ಏನೂ ಬರುವುದಿಲ್ಲ, ಆದರೆ ಹೇಳಿದರೆ ಮಾಡಬಲ್ಲ ಎಂದುಕೊಂಡೇ ಲೇಖಕರು ಶುರು ಮಾಡುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದ ನಾನು ಹೇಳುತ್ತೇನೆ, ಈ ನಂಬಿಕೆ ಮೇಷ್ಟರುಗಳಲ್ಲಿ ಅಷ್ಟು ಸುಲಭವಾಗಿ ಇರುವುದಿಲ್ಲ. ನಮ್ಮ ಎಷ್ಟೋ ಪಠ್ಯಪುಸ್ತಕಗಳು ಹುಡುಗ ದಡ್ಡ ಎಂದುಕೊಂಡೇ ಬರೆದವು. ಇಲ್ಲದಿದ್ದರೆ ಅವನಿಗೆ ಎಲ್ಲ ಗೊತ್ತಿದೆ ಎಂದುಕೊಂಡು ಬರೆದವು.

ಕೆಲಸದ ಕ್ರಮ ಹೀಗೆ. ಮೊದಲು ಒಂದು ಸಮತಟ್ಟಾದ ಹಲಗೆ ಬೇಕು. ಅದರ ಮೇಲೆ ಕಾರಿನ ತಳದ ನಕ್ಷೆಯನ್ನು ನಿಜವಾದ ಅಳತೆಯಲ್ಲೇ ಬರೆದು, ಗೆರೆಯ ಮೇಲೆ ಪೈಪುಗಳನ್ನಿಟ್ಟು, ಅಲ್ಲಾಡದಂತೆ ಅಕ್ಕಪಕ್ಕ ಮರದ ತುಂಡು ಬಡಿದು, ಮೂಲೆಗಳನ್ನು ಬೆಸೆಯಬೇಕು. ಪೈಪು ಒಂದಿಂಚಿನ ಚೌಕ, ಹದಿನಾರು ಗೇಜಿನದು. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮೂರಿನ ಗೇಟು, ಕಿಟಕಿ, ಅಂಗಡಿಯ ಬೆಂಚು ಎಲ್ಲ ಮಾಡುವುದು ಆ ಜಾತಿಯ ಪೈಪಿನಲ್ಲೇ. ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರಿನ ಎಲುಬಿನ ಗೂಡು ನಮ್ಮ ತುಳಸಿಕಟ್ಟೆಯ ಸುತ್ತಲಿನ ಬೇಲಿಗೆ ಹತ್ತಿರದ ನೆಂಟ!

ಆದರೆ ಗೇಟಿಗೂ ಈ ಗೂಡಿಗೂ ಒಂದು ಭೇದವಿದೆ. ಅದನ್ನು ಪುಸ್ತಕ ಚೆನ್ನಾಗಿ ತಿಳಿಸುತ್ತದೆ. ನಾಲ್ಕು ಕಡ್ಡಿ ಕಟ್ಟಿ ಒಂದು ಚೌಕ ಮಾಡಿ, ಒಂದು ಮೂಲೆ ಒತ್ತಿ ನೋಡಿ. ಸೊಟ್ಟಗಾಗುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಇನ್ನೊಂದು ಕಡ್ಡಿ ಕಟ್ಟಿದರೆ ಎಷ್ಟು ಒತ್ತಿದರೂ ಜಗ್ಗುವುದಿಲ್ಲ, ಏಕೆಂದರೆ ಈಗ ಅಲ್ಲಿರುವುದು ಎರಡು ತ್ರಿಕೋನ. ಹಳೆಯ ಮರದ ಗೇಟುಗಳಿಗೆ ಓರೆ ಪಟ್ಟಿ ಬಡಿಯುತ್ತಿದ್ದುದು ಇದಕ್ಕೇ. ಈ ಕಾರಿನಲ್ಲಿ ಆ ಓರೆಪೈಪುಗಳೇ ಜೀವ. ಕಾರಿನ ಭಾರವನ್ನು ಹೊರುವುದು ದಪ್ಪ ಉಕ್ಕಲ್ಲ, ತೆಳು ಪೈಪುಗಳು ಒಂದನ್ನೊಂದು ಹಿಡಿದುಕೊಂಡಿರುವ ರೀತಿ. ಒಂಬತ್ತನೇ ತರಗತಿಯಲ್ಲಿ ರೇಖಾಗಣಿತ ಕಲಿಸುವ ನಮ್ಮ ಶಾಲೆಯ ಮೇಷ್ಟರಿಗೆ ಈ ಪುಟ ತೋರಿಸಿದೆ. "ಇದನ್ನು ಮೊದಲೇ ಕೊಡಬಾರದಿತ್ತೇನ್ರೀ ಮೇಡಂ" ಎಂದರು.

ಪುಸ್ತಕದ ನಕ್ಷೆಗಳ ಅಳತೆಗಳಲ್ಲಿ ಅಲ್ಲಲ್ಲಿ ತಪ್ಪುಗಳಿವೆ. ಕಟ್ಟಿದವರು ಅವನ್ನು ಕಂಡು, ಪಟ್ಟಿ ಮಾಡಿ, ಒಬ್ಬರಿಂದೊಬ್ಬರಿಗೆ ದಾಟಿಸಿದರು. ಕೀಲಿಪುಸ್ತಕದಲ್ಲಿ ಉತ್ತರ ತಪ್ಪಿದ್ದರೆ ಮಕ್ಕಳು ಎಷ್ಟು ಸಂಭ್ರಮಪಡುತ್ತಾರೆ ಎಂದು ಬಲ್ಲ ನನಗೆ ಇದು ದೊಡ್ಡ ದೋಷವೆನಿಸಲಿಲ್ಲ. ಆದರೆ ನಮ್ಮವರು ಒಂದು ಪೈಪನ್ನು ಮೂರು ಸಲ ಕತ್ತರಿಸಿದ್ದು ನೆನಪಿದೆ. ಮೂರನೆಯ ಸಲ ಹ್ಯಾಕ್ಸಾ ಬ್ಲೇಡು ಮುರಿದು ಅಂಗೈ ಕೊಯ್ದುಕೊಂಡು ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಬಂದರು. ಬಂದವರು ಮೊದಲು ನೋಡಿದ್ದು ಪೈಪನ್ನು, ಆಮೇಲೆ ಕೈಯನ್ನು.

ಇನ್ನು ಆಕ್ಷೇಪಗಳು.

ಮೊದಲನೆಯದು ಹೆಸರಿನಲ್ಲೇ ಇರುವ ಇನ್ನೂರೈವತ್ತು. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಅದು ಒಂದು ದೇಶದ ಸತ್ಯ. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ರಸ್ತೆಯ ಮಂಜು ಕರಗಲಿ ಎಂದು ಉಪ್ಪು ಚೆಲ್ಲುತ್ತಾರೆ. ಉಪ್ಪು ಕಾರಿನ ತಗಡನ್ನು ತಿನ್ನುತ್ತದೆ. ವರ್ಷಕ್ಕೊಮ್ಮೆ ಸರ್ಕಾರದ ಪರೀಕ್ಷೆ ಪಾಸಾಗದಿದ್ದರೆ ಆ ಕಾರು ರಸ್ತೆಗಿಳಿಯುವಂತಿಲ್ಲ. ಹೀಗಾಗಿ ಇಂಜಿನ್ನು ಗಟ್ಟಿಮುಟ್ಟಾಗಿದ್ದು ಮೈಯೆಲ್ಲ ತುಕ್ಕು ಹಿಡಿದ ಫೋರ್ಡ್ ಎಸ್ಕಾರ್ಟ್ ಕಾರುಗಳು ಅಲ್ಲಿ ಆಗ ಕವಡೆಗೆ ಸಿಗುತ್ತಿದ್ದವು. ಅಂಥದೊಂದನ್ನು ತಂದು ಬಿಚ್ಚಿ, ಇಂಜಿನ್ನು, ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು ತೆಗೆದು ಈ ಪೈಪಿನ ಗೂಡಿಗೆ ಜೋಡಿಸಿ ಎನ್ನುವುದು ಪುಸ್ತಕದ ಉಪಾಯ. ಎಸೆಯುವ ದೇಶದಲ್ಲಿ ಮಾತ್ರ ಇದು ನಡೆಯುತ್ತದೆ. ನಮ್ಮಲ್ಲಿ ಯಾವ ವಸ್ತು ಸಾಯುತ್ತದೆ ಹೇಳಿ? ಸತ್ತ ಅಂಬಾಸಿಡರಿನ ಇಂಜಿನ್ನು ಗುಜರಿಯವನ ಹತ್ತಿರ ಇನ್ನೊಂದು ಜನ್ಮಕ್ಕೆ ಕಾದಿರುತ್ತದೆ, ಅದಕ್ಕೊಂದು ಬೆಲೆಯೂ ಇರುತ್ತದೆ. ನಮ್ಮ ಅಡುಗೆಮನೆಯ ಹಾಗೆಯೇ ನಮ್ಮ ಗುಜರಿ ಅಂಗಡಿ. ನಿನ್ನೆಯ ಅನ್ನ ಇವತ್ತಿನ ಚಿತ್ರಾನ್ನ.

ನಮ್ಮವರು ಮೊದಲು ಎಸ್ಕಾರ್ಟೇ ಬೇಕೆಂದು ಹಟ ಹಿಡಿದರು. ಆ ಹೆಸರಿನ ಕಾರನ್ನು ಮಹೀಂದ್ರ ಮತ್ತು ಫೋರ್ಡ್ ಸೇರಿ 1996ರಲ್ಲಿ ಭಾರತಕ್ಕೂ ತಂದಿದ್ದವಲ್ಲ! ಆಮೇಲೆ ಗೊತ್ತಾಯಿತು, ಪುಸ್ತಕದ ಎಸ್ಕಾರ್ಟು 1980ಕ್ಕೆ ಮುಂಚಿನದು, ಅದರಲ್ಲಿ ಇಂಜಿನ್ನು ಮುಂದೆ, ಎಳೆತ ಹಿಂದಿನ ಚಕ್ರಕ್ಕೆ. ಇಲ್ಲಿಗೆ ಬಂದದ್ದು ಮುಂದಿನ ಚಕ್ರ ಎಳೆಯುವ ಗಾಡಿ. ಹೆಸರು ಒಂದೇ, ಹೊಟ್ಟೆಯೊಳಗಿನ ಕರುಳು ಬೇರೆ. ಕಡೆಗೆ 2003ರಲ್ಲಿ ಹತ್ತೊಂಬತ್ತು ಸಾವಿರ ಕೊಟ್ಟು ಒಂದು ಹಳೆಯ ಪ್ರೀಮಿಯರ್ ಪದ್ಮಿನಿ ತಂದರು. ಇನ್ನೂರೈವತ್ತು ಪೌಂಡು ಅಲ್ಲಿಗೇ ಮುಗಿದಿತ್ತು.

ಪದ್ಮಿನಿಯಲ್ಲಿ ಎಳೆತ ಹಿಂದಿನ ಚಕ್ರಕ್ಕೇ, ಅದೇನೋ ಸರಿ. ಆದರೆ ನಾವು ತಂದದ್ದರಲ್ಲಿ ಗೇರು ಬದಲಿಸುವ ಕೋಲು ಸ್ಟಿಯರಿಂಗಿನ ಪಕ್ಕದಲ್ಲಿತ್ತು. ಪುಸ್ತಕದ ಕಾರಿನಲ್ಲಿ ಅದು ಇಬ್ಬರು ಕೂರುವ ಸೀಟುಗಳ ನಡುವೆ ನೆಲದಿಂದ ಮೇಲೆದ್ದಿರುತ್ತದೆ. ಈ ಒಂದು ಕೋಲನ್ನು ಒಂದು ಮೊಳ ದೂರ ಸರಿಸುವುದಕ್ಕೆ ನಮ್ಮ ಮನೆಯಲ್ಲಿ ಒಂದೂವರೆ ವರ್ಷ ಹಿಡಿಯಿತು. ಆಟೋ ಕಾಂಪ್ಲೆಕ್ಸಿನ ಲೇತ್ ಕೆಲಸದವರು, ಹೊಳೆಯಾಚೆಯ ಹಳೇ ಟ್ಯಾಕ್ಸಿ ಮೆಕ್ಯಾನಿಕ್ಕು, ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಫಿಟ್ಟರ್ ಎಲ್ಲರೂ ನಮ್ಮ ಹಿತ್ತಲಿಗೆ ಬಂದು, ನೋಡಿ, ತಲೆ ಕೆರೆದು, ಟೀ ಕುಡಿದು ಹೋದರು. ಪುಸ್ತಕ ಈ ವಿಷಯದಲ್ಲಿ ಮೂಕ. ಅದು ಪುಸ್ತಕದ ತಪ್ಪಲ್ಲ. ಪದ್ಮಿನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರು ಬರೆದರು? ಅವರದೇ ಒಂದು ಪುಸ್ತಕ ಬೇಕಿತ್ತು, ಅದನ್ನು ಬರೆಯುವ ಮೇಷ್ಟರು ನಮ್ಮಲ್ಲಿರಲಿಲ್ಲ.

ಬೆಸುಗೆಯದೂ ಹೀಗೆಯೇ. ಅಲ್ಲಿ ತಂತಿ ತಾನಾಗಿ ಹೊರಬರುವ, ಗ್ಯಾಸು ಊದುವ ಮಿಗ್ ವೆಲ್ಡಿಂಗು. ಇಲ್ಲಿ ನಮ್ಮ ಗೇಟು ಮಾಡುವವರ ಹತ್ತಿರ ಇದ್ದದ್ದು ಕಡ್ಡಿ ಹಿಡಿದು ಬೆಸೆಯುವ ಆರ್ಕ್ ವೆಲ್ಡಿಂಗು. ತೆಳು ಪೈಪಿನ ಮೇಲೆ ಅದು ಸ್ವಲ್ಪ ಹೆಚ್ಚು ಹೊತ್ತು ನಿಂತರೆ ತೂತು ಬೀಳುತ್ತದೆ, ಕಡಿಮೆ ನಿಂತರೆ ಬೆಸುಗೆ ಕೂರುವುದಿಲ್ಲ. ದೋಸೆ ಹುಯ್ಯುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನನ್ನ ಎರಡನೆಯ ಆಕ್ಷೇಪ. ಇದು ಪುಸ್ತಕದ ಮೇಲಿನದೋ, ನನ್ನ ಸಂಸಾರದ ಮೇಲಿನದೋ ನೀವೇ ಹೇಳಬೇಕು.

ಇಂಥ ಕಾರುಗಳಿಗೆ ಒಂದು ವಂಶವಿದೆ. ಚಾಂಪಿಯನ್ ಅವರ ಕಾರಿನ ಅಜ್ಜ ಎಂದರೆ ಲೋಟಸ್ ಸೆವೆನ್. ಅದು 1957ರದು. ಅದನ್ನು ಮಾಡಿದವರು ಕಾಲಿನ್ ಚಾಪ್ಮನ್. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಖರೀದಿ ತೆರಿಗೆ ಇರಲಿಲ್ಲವಾದ್ದರಿಂದ ಸಾವಿರಾರು ಮಧ್ಯಮವರ್ಗದವರು ಅದನ್ನು ಪೆಟ್ಟಿಗೆಯಲ್ಲಿ ತಂದು ಕಟ್ಟಿಕೊಂಡರು. ಜೋಡಿಸುವ ವಿವರ ಜೊತೆಗೆ ಕೊಟ್ಟರೆ ತೆರಿಗೆ ಬೀಳುತ್ತದೆಂದು ಬಿಚ್ಚುವ ವಿವರವನ್ನು ಕೊಟ್ಟು, ಕೆಳಗಿನಿಂದ ಮೇಲಕ್ಕೆ ಓದಿಕೊಳ್ಳಿ ಎಂದರಂತೆ ಎಂಬ ಕತೆಯೂ ಇದೆ. ಆದರೆ ಅದಕ್ಕೂ ಮುಂಚೆ, 1948ರಲ್ಲಿ, ಚಾಪ್ಮನ್ ಇನ್ನೂ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನಾಗಿದ್ದಾಗ, ತಮ್ಮ ಮೊದಲ ಕಾರನ್ನು ಹಳೆಯ ಆಸ್ಟಿನ್ ಸೆವೆನ್ ಒಂದರ ಮೇಲೆ ಕಟ್ಟಿದರು. ಎಲ್ಲಿ ಗೊತ್ತೇ? ಲಂಡನ್ನಿನ ಉತ್ತರ ಭಾಗದಲ್ಲಿ, ತಾವು ಮದುವೆಯಾಗಲಿದ್ದ ಹುಡುಗಿ ಹೇಜಲ್ ವಿಲಿಯಮ್ಸ್ ಅವರ ತಂದೆತಾಯಿಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ. ಮುಂದೆ 1952ರಲ್ಲಿ ಲೋಟಸ್ ಇಂಜಿನಿಯರಿಂಗ್ ಎಂಬ ಕಂಪನಿ ಶುರುವಾದದ್ದು ಆಕೆ ಕೊಟ್ಟ ಇಪ್ಪತ್ತೈದು ಪೌಂಡಿನಿಂದ. 1954ರಲ್ಲಿ ಅವರ ಮದುವೆಯಾಯಿತು. ರೇಸಿನಲ್ಲಿ ಜಗತ್ತನ್ನೇ ಗೆದ್ದ ಒಂದು ಕಂಪನಿಯ ಬೇರು ಒಂದು ಹೆಣ್ಣಿನ ತವರಿನ ಹಿತ್ತಲಿನಲ್ಲಿದೆ, ಅವಳ ಗಂಟಿನಲ್ಲಿದೆ.

ಇದನ್ನು ನಾನು ಮೈದುನ ಕಳಿಸಿದ ಇನ್ನೊಂದು ಪುಸ್ತಕದಲ್ಲಿ ಓದಿದಾಗ ರಾತ್ರಿ ಹನ್ನೊಂದು ಗಂಟೆ. ಎದ್ದು ಹೋಗಿ ನಮ್ಮವರ ಡೈರಿಗಳನ್ನು ತೆಗೆದೆ. ಬ್ಯಾಂಕಿನವರಲ್ಲವೇ, ಪ್ರತಿ ನಟ್ಟು ಬೋಲ್ಟಿನ ಲೆಕ್ಕವೂ ಇದೆ. ಸ್ಕ್ವೇರ್ ಪೈಪು ಇಷ್ಟು, ರೆಡ್ ಆಕ್ಸೈಡ್ ಇಷ್ಟು, ಲೇತಿನ ಕೂಲಿ ಇಷ್ಟು, ಟೀ ಬನ್ನು ಇಷ್ಟು. 2005ರಲ್ಲಿ ನನ್ನ ಚೀಟಿ ಬಂದಾಗ ಬೀರು ಕೊಳ್ಳಬೇಕೆಂದಿದ್ದ ಎಂಟು ಸಾವಿರವನ್ನು ವೆಲ್ಡಿಂಗ್ ಮೆಷಿನ್ನಿಗೆಂದು ಕೊಟ್ಟಿದ್ದೆ. ಅದೂ ಇದೆ. 'ಕೈಗಡ – ಮನೆ – 8,000' ಎಂದು ಬರೆದಿದ್ದಾರೆ. ನನ್ನ ಹೆಸರಿಲ್ಲ. ಮನೆ! ಆ ಸಾಲ ತೀರಿಸಿದ ನಮೂದು ಎಲ್ಲಿಯೂ ಸಿಗಲಿಲ್ಲ. ಹೇಜಲ್‌ಗೆ ಕನಿಷ್ಠ ಹೆಸರಾದರೂ ಉಳಿಯಿತು.

ಇನ್ನೂರೈವತ್ತು ಪೌಂಡು ಎನ್ನುವ ಲೆಕ್ಕದಲ್ಲಿ ಕೆಲಸದ ಹೊತ್ತಿಗೆ ಬೆಲೆಯಿಲ್ಲ, ಹವ್ಯಾಸವೆಂದ ಮೇಲೆ ಇರಬೇಕಾಗಿಯೂ ಇಲ್ಲ. ಆದರೆ ಒಬ್ಬರ ಹವ್ಯಾಸದ ಹೊತ್ತು ಇನ್ನೊಬ್ಬರ ಕೆಲಸದ ಹೊತ್ತಿನ ಮೇಲೆ ನಿಂತಿರುತ್ತದೆ. ಎಂಟು ವರ್ಷದಲ್ಲಿ ಮದುವೆ ಮುಂಜಿ, ಮಳೆ, ಕಾಯಿಲೆ ಕಳೆದು ಮುನ್ನೂರು ಭಾನುವಾರ ಎಂದಿಟ್ಟುಕೊಳ್ಳಿ, ದಿನಕ್ಕೆ ಐದು ಗಂಟೆ. ಒಂದೂವರೆ ಸಾವಿರ ಗಂಟೆ ಅವರು ಆ ಪೈಪುಗಳ ನಡುವೆ ಇದ್ದರು. ಆ ಭಾನುವಾರಗಳಲ್ಲಿ ಗ್ಯಾಸಿನ ಕ್ಯೂ, ಅತ್ತೆಯ ಮಾತ್ರೆ, ಮಗಳ ಲೆಕ್ಕ, ಗ್ರೀಸಿನ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಆಮೇಲೆ ಸೋಪು ಹಚ್ಚುವುದು, ಇದೆಲ್ಲ ಯಾವ ಪುಸ್ತಕದ ಯಾವ ಪಟ್ಟಿಯಲ್ಲಿ ಬರುತ್ತದೆ? ಔಂಡಲ್ ಶಾಲೆಯನ್ನು ಮೇಲೆ ಹೊಗಳಿದೆನಲ್ಲ, 1990ರವರೆಗೆ ಅದು ಗಂಡುಹುಡುಗರ ಶಾಲೆ. ನಗಬೇಡಿ, ನಮ್ಮ ಬಿ.ಎಡ್. ತರಗತಿಯಲ್ಲೂ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಎಂಬ ದೊಡ್ಡ ಹೆಸರಿನ ಒಂದು ಅವಧಿ ಇತ್ತು. ಗಂಡಸರು ಸೀಮೆಸುಣ್ಣ, ಮೇಣದಬತ್ತಿ ಎರಕ ಹುಯ್ದರು. ನಮ್ಮ ಕೈಗೆ ಕಸೂತಿಯ ಬಟ್ಟೆ ಬಂತು. ಬಿಸಿ ಮೇಣ ನಮಗೆ ಅಪಾಯವಂತೆ. ಮನೆಯಲ್ಲಿ ಕಾದ ಎಣ್ಣೆಯ ಬಾಣಲೆಯ ಮುಂದೆ ನಿಲ್ಲುವವರಿಗೆ!

ಆದರೂ ಒಂದು ವಿಷಯ ಬಚ್ಚಿಟ್ಟರೆ ನಾನು ಅನ್ಯಾಯ ಮಾಡಿದಂತಾಗುತ್ತದೆ. ಪುಸ್ತಕದಲ್ಲಿ ಪ್ರತಿ ಪೈಪಿಗೂ ಇಂಗ್ಲಿಷ್ ಅಕ್ಷರದ ಒಂದು ಹೆಸರಿದೆ. ಅದರ ಉದ್ದ, ತುದಿ ಕತ್ತರಿಸುವ ಓರೆ ಎಲ್ಲ ಕೊಟ್ಟಿದೆ. ನಮ್ಮ ವೆಲ್ಡಿಂಗಿನ ಹುಡುಗನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಒಂದು ಸಂಜೆ ನಮ್ಮವರು ಪುಸ್ತಕವನ್ನೂ ಒಂದು ನೋಟ್‌ಬುಕ್ಕನ್ನೂ ನನ್ನ ಮುಂದಿಟ್ಟು, "ಇದನ್ನು ಸ್ವಲ್ಪ ಕನ್ನಡದಲ್ಲಿ ಬರೆದುಕೊಡೇ, ನಿನ್ನ ಅಕ್ಷರ ದುಂಡಗಿದೆ" ಎಂದರು. ಎರಡು ವಾರ ಕೂತು ಬರೆದೆ. ಕ ಪೈಪು, ಖ ಪೈಪು, ಗ ಪೈಪು. ಙ, ಞ ಬಿಟ್ಟೆ, ಹುಡುಗ ತಬ್ಬಿಬ್ಬಾಗಬಾರದೆಂದು. ಅಕ್ಷರ ಸಾಲದಾದಾಗ ಕಾಗುಣಿತಕ್ಕೆ ಹೋದೆ. ಹಾಗಾಗಿ ನಮ್ಮ ಕಾರಿನ ಎದೆಗೂಡಿನಲ್ಲಿ ಕಾ, ಕಿ, ಕೀ ಪೈಪುಗಳಿದ್ದವು. ಬೆಸೆಯುವಾಗ ಇನ್ನೊಂದು ತುದಿ ಹಿಡಿಯಲು ಜನವಿಲ್ಲದಿದ್ದಾಗ, ಸೀರೆ ಸೊಂಟಕ್ಕೆ ಸಿಕ್ಕಿಸಿ, ಕಿಡಿ ಬೀಳುವ ಕಡೆಗೆ ಬೆನ್ನು ಮಾಡಿ ನಾನೇ ಹಿಡಿದಿದ್ದೇನೆ. ಅಳತೆ ಪಟ್ಟಿಯಲ್ಲಿನ ಒಂದು ತಪ್ಪನ್ನು ಮೊದಲು ಕಂಡದ್ದೂ ನಾನು. ಎರಡು ಕಡೆಯ ಪೈಪುಗಳು ಜೋಡಿಯೆಂದ ಮೇಲೆ ಉದ್ದ ಹೇಗೆ ಬೇರೆಯಾಗುತ್ತದೆ ಎಂದು ಕೇಳಿದ್ದೆ. ನಮ್ಮವರು ಪುಸ್ತಕ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪುಸ್ತಕ ನೋಡಿದರು.

ಆ ಎರಡು ವಾರ ನನಗೆ ಬೇಜಾರಾಗಿತ್ತು ಎಂದು ನಾನು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಈಗ ಆ ನೋಟ್‌ಬುಕ್ಕನ್ನು ತೆರೆದರೆ ಪ್ರತಿ ಪುಟಕ್ಕೂ ಕೆಂಪುಶಾಯಿಯಲ್ಲಿ ಅಂಚು ಹಾಕಿದ್ದೇನೆ, ಓರೆ ಕತ್ತರಿಸುವಲ್ಲಿ ಪುಟ್ಟ ಚಿತ್ರ ಬರೆದಿದ್ದೇನೆ. ಬೇಜಾರಾದವರು ಅಂಚು ಹಾಕುವುದಿಲ್ಲ.

ಪಿರ್ಸಿಗ್ ಎಂಬ ಅಮೆರಿಕದವರು 1974ರಲ್ಲಿ ಮೋಟಾರುಬೈಕಿನ ದುರಸ್ತಿಯನ್ನು ನೆಪ ಮಾಡಿಕೊಂಡು ಬರೆದ ದೊಡ್ಡ ಪುಸ್ತಕವೊಂದಿದೆ, ಬಹಳ ಹೆಸರಾದದ್ದು. ಅದನ್ನೂ ಓದಲು ನೋಡಿದೆ. ಅದರಲ್ಲಿ ತತ್ವಜ್ಞಾನ ಹೆಚ್ಚು, ಪಾನಾ ಕಡಿಮೆ. ನನಗೆ ಚಾಂಪಿಯನ್ನರ ಬರವಣಿಗೆಯೇ ಹಿತ. ಇಲ್ಲಿ ಕತ್ತರಿಸಿ, ಇಲ್ಲಿ ಉಜ್ಜಿ, ಇಲ್ಲಿ ಬೆಸೆಯಿರಿ. ಇನ್ನು ಪ್ರಕಾಶಕರಾದ ಜಾನ್ ಹೇನ್ಸ್ ಅವರೂ ಇದೇ ಗರಡಿಯವರು. ಹುಟ್ಟಿದ್ದು 1938ರಲ್ಲಿ ಸಿಲೋನಿನ ಚಹಾ ತೋಟದಲ್ಲಿ. ಇಂಗ್ಲೆಂಡಿನ ಶಾಲೆಯಲ್ಲಿದ್ದಾಗ ರಗ್ಬಿ ಆಟಕ್ಕೆ ಚಕ್ಕರ್ ಹಾಕಲು ಅನುಮತಿ ಪಡೆದು ಒಂದು ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ ಬೇರೆ ರೂಪದಲ್ಲಿ ಕಟ್ಟಿದ ಹುಡುಗ. ಅದನ್ನು ಕಟ್ಟಿದ ಬಗೆಯನ್ನು 1956ರಲ್ಲಿ ಪುಟ್ಟ ಪುಸ್ತಕ ಮಾಡಿ ಇನ್ನೂರೈವತ್ತು ಪ್ರತಿ ಅಚ್ಚು ಹಾಕಿದರೆ ಹತ್ತು ದಿನದಲ್ಲಿ ಖರ್ಚಾದವು. ಪ್ರಬಂಧಸಂಕಲನ ತರುವ ನಮ್ಮಂಥವರು ಹೊಟ್ಟೆಕಿಚ್ಚು ಪಡಬೇಕಾದ ಸಂಗತಿ.

ನಮ್ಮ ಕಾರು ಓಡಿತೇ ಎಂದು ನೀವು ಕೇಳುತ್ತಿರಬಹುದು. ಓಡಿತು. 2011ರ ಆಯುಧಪೂಜೆಯ ದಿನ. ಮೈಗೆ ತಗಡಿಲ್ಲ, ಬಾನೆಟ್ಟಿಲ್ಲ, ಸೀಟಿನ ಜಾಗದಲ್ಲಿ ಒಂದು ಮಣೆ, ಅದರ ಮೇಲೆ ಗೋಣಿಚೀಲ. ಅತ್ತೆ ನಿಂಬೆಹಣ್ಣು ಇಟ್ಟರು, ಕುಂಬಳಕಾಯಿ ಒಡೆದರು. ಕಾರು ಹಿತ್ತಲಿನಿಂದ ಮನೆಯ ಪಕ್ಕದ ಓಣಿ ಹಾದು ಬೀದಿಯ ಗೇಟಿನವರೆಗೆ ಬಂತು. ಗೇಟಿನಿಂದಾಚೆ ಹೋಗಲಿಲ್ಲ. ಹೋಗುವಂತಿರಲಿಲ್ಲ.

ನನ್ನ ಮೂರನೆಯ ಆಕ್ಷೇಪ ಇಲ್ಲಿದೆ, ಅದು ಪುಸ್ತಕದ ಮೇಲಲ್ಲ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂಟಿ ಕಾರನ್ನು ರಸ್ತೆಗಿಳಿಸಲು ಒಂದು ದಾರಿಯಿದೆ. 1998ರಲ್ಲಿ ಅದಕ್ಕೆಂದೇ ಒಂದು ತಪಾಸಣೆ ತಂದರು, 2009ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಬ್ರೇಕು, ದೀಪ, ಸೀಟುಬೆಲ್ಟು ನೋಡುತ್ತಾರೆ. ಹೊರಚಾಚಿದ ಚೂಪು ಅಂಚಿನಿಂದ ದಾರಿಹೋಕರಿಗೆ ಗಾಯವಾದೀತೇ ಎಂದು ಅದನ್ನೂ ಅಳೆಯುತ್ತಾರೆ. ಪಾಸಾದರೆ ನಂಬರು ಸಿಗುತ್ತದೆ. ಫೇಲಾದರೆ ತಿದ್ದಿಕೊಂಡು ಮತ್ತೆ ಬರಬಹುದು, ನಮ್ಮ ಎಸ್.ಎಸ್.ಎಲ್.ಸಿ. ಮಕ್ಕಳ ಹಾಗೆ. ಇಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಬಸ್ಸು, ಲಾರಿಗಳಿಗೆ ಮನಬಂದಂತೆ ಬಾಡಿ ಕಟ್ಟಿ ಜನ ಸಾಯುವ ನಮ್ಮ ದೇಶದಲ್ಲಿ ಈ ಕಟ್ಟುನಿಟ್ಟು ಬೇಡವೆಂದು ನಾನು ಹೇಳಲಾರೆ. ಶಾಲೆಯ ಮಕ್ಕಳನ್ನು ತುಂಬಿದ ಆಟೋಗಳನ್ನು ದಿನಾ ನೋಡುವವಳು ನಾನು. ಆದರೆ ಪರೀಕ್ಷೆಯನ್ನೇ ಇಡದೆ ಎಲ್ಲರೂ ಫೇಲು ಎನ್ನುವುದು ಯಾವ ಮೌಲ್ಯಮಾಪನ?

ನಮ್ಮವರಿಗೆ ಇದು ಗೊತ್ತಿತ್ತೇ? ಗೊತ್ತಿತ್ತು. ಡೈರಿಯಲ್ಲಿ 2004ರಲ್ಲೇ ಬರೆದಿದ್ದಾರೆ, 'ನಂಬರ್ ಸಿಗುವುದಿಲ್ಲವಂತೆ' ಎಂದು. ಅದರ ಕೆಳಗಿನ ಸಾಲಿನಲ್ಲಿ 'ಗ್ರೈಂಡರ್ ಬ್ಲೇಡು 2 – 90 ರೂ.' ಗೊತ್ತಿದ್ದೂ ಏಳು ವರ್ಷ ಕಟ್ಟಿದರು. ನನಗೆ ಹೇಳಲಿಲ್ಲ. ಈ ಸಾಲು ಓದಿದ ದಿನ ನನಗೆ ಬಂದ ಸಿಟ್ಟು ಅವರು ಬದುಕಿದ್ದಾಗಲೂ ಬಂದಿರಲಿಲ್ಲ. ಬೀರಿನ ದುಡ್ಡು ಕೊಟ್ಟದ್ದು 2005ರಲ್ಲಿ. ಆಗಲೂ ಹೇಳಲಿಲ್ಲವಲ್ಲ! ಮಗಳಿಗೆ ಫೋನು ಮಾಡಿ ಹೇಳಿದರೆ, "ಅಮ್ಮಾ, ನೀನು ಕೇಳಿದ್ದರೆ ಹೇಳುತ್ತಿದ್ದರು. ಅದು ರಸ್ತೆಗೆ ಹೋಗಲ್ಲ ಅಂತ ನನಗೇ ಗೊತ್ತಿತ್ತು" ಎಂದಳು. ಕರೆಂಟು ಹೋದಾಗ ಟಾರ್ಚು ಹಿಡಿದು ನಿಲ್ಲುತ್ತಿದ್ದವಳು ಅವಳು. ಅಪ್ಪ ಮಗಳು ಅಲ್ಲಿ ಏನೇನು ಮಾತಾಡಿಕೊಂಡರೋ.

ಗೂಡು ಇನ್ನೂ ಹಿತ್ತಲಲ್ಲಿದೆ, ತಗಡಿನ ಮಾಡಿನ ಕೆಳಗೆ. ಮಲೆನಾಡಿನ ಮಳೆಗೆ ಕೆಳಗಿನ ಪೈಪುಗಳು ತುಕ್ಕು ಹಿಡಿದಿವೆ. ಬೆಸುಗೆಗಳು ಗಟ್ಟಿಯಿವೆ. ಇಂಜಿನ್ನನ್ನು ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳಿದರು. ತೂಕದ ಲೆಕ್ಕಕ್ಕೆ ಕೊಡುವುದಿಲ್ಲ ಎಂದೆ. ಅದು ಓಡಿದ ಇಂಜಿನ್ನು.

ಪುಸ್ತಕ ಈಗ ನನ್ನ ಹತ್ತಿರ ಇಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವರಿಗೆ 'ಬಾಹಾ' ಎಂಬ ಒಂದು ಸ್ಪರ್ಧೆ ಇದೆಯಂತೆ. ಅಮೆರಿಕದಲ್ಲಿ ಮೊದಲಾದದ್ದು, ಇಲ್ಲಿಯೂ 2007ರಿಂದ ನಡೆಯುತ್ತಿದೆ. ಕಾಲೇಜಿನ ಹುಡುಗರು ಹುಡುಗಿಯರು ಸೇರಿ ಒಂಟಿ ಸೀಟಿನ ಗಾಡಿ ಕಟ್ಟಿ ಕಲ್ಲುಮಣ್ಣಿನ ಬಯಲಲ್ಲಿ ಓಡಿಸುವುದು. ರಸ್ತೆಗಿಳಿಯದ ಗಾಡಿಯಾದ್ದರಿಂದ ನಂಬರಿನ ತಾಪತ್ರಯವಿಲ್ಲ. ಆಯುಧಪೂಜೆಗೆ ಬಂದವಳು ಹಿತ್ತಲಿಗೆ ಹೋಗಿ ಅರ್ಧ ಗಂಟೆ ಗೂಡಿನ ಸುತ್ತ ಸುತ್ತಿದಳು. "ಟೀಚರ್, ನಾವು ದುಂಡು ಪೈಪಲ್ಲಿ ಮಾಡೋದು. ಆದ್ರೆ ಈ ಮೂಲೆ ಹೆಂಗೆ ಕೂರಿಸಿದಾರೆ ನೋಡಿ" ಎಂದು ಬಗ್ಗಿ ಒಂದು ಬೆಸುಗೆಯನ್ನು ಬೆರಳಲ್ಲಿ ಮುಟ್ಟಿದಳು. ಆಮೇಲೆ, "ಈ ಪೈಪಿನ ಮೇಲೆ 'ಕೀ' ಅಂತ ಯಾಕೆ ಬರೆದಿದೆ?" ಎಂದಳು.

ಪುಸ್ತಕ ಕೊಟ್ಟೆ. ನೋಟ್‌ಬುಕ್ಕನ್ನೂ ಕೇಳಿದಳು. ಅದನ್ನು ಮಾತ್ರ ಜೆರಾಕ್ಸ್ ಮಾಡಿಸಿಕೊಂಡು ಸಂಜೆಯೊಳಗೆ ವಾಪಸು ತರಬೇಕೆಂದು ಹೇಳಿ ಕೊಟ್ಟೆ. ಕತ್ತಲಾಗುವುದರೊಳಗೆ ತಂದುಕೊಟ್ಟಳು.